ನೆಲಮಾಳಿಗೆಯ ತೇವ ಮತ್ತು ಉಸಿರಿನ ಆರೋಗ್ಯ



ಮಳೆಗಾಲದಲ್ಲಿ ಕೆಮ್ಮು, ಸೀನು, ಉಬ್ಬಸಗಳೆಂದು ವೈದ್ಯರ ಬಳಿಗೆ ಬರುವವರಲ್ಲಿ ಕೆಲವರಿಗೆ ಒಂದು ವಿಶೇಷವಿರುತ್ತದೆ. ಪರಸ್ಥಳಕ್ಕೆ ಹೋದಾಗ ಬಾಧೆ ತಗ್ಗುತ್ತದೆ; ಮನೆಗೆ ಮರಳಿದ ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಇಂಥವರಿಗೆ ಔಷಧ ಕೊಡುವ ಮೊದಲು ಅವರು ಮಲಗುವ ಕೋಣೆಯನ್ನು ವಿಚಾರಿಸಬೇಕು. ಧಾರವಾಡ, ಬೆಳಗಾವಿಗಳಂತಹ ಊರುಗಳಲ್ಲಿ ಇಳಿಜಾರಿನ ನಿವೇಶನದಲ್ಲಿ ಕಟ್ಟಿದ ಮನೆಗಳಿಗೆ ನೆಲಮಟ್ಟಕ್ಕಿಂತ ಕೆಳಗೆ ಒಂದು ಕೋಣೆ ಇರುವುದುಂಟು. ಮೊದಲು ಸಾಮಾನುಗಳಿಗೆಂದು ಬಳಸಿದ ಆ ನೆಲಮಾಳಿಗೆಯೇ ಮುಂದೆ ಮಕ್ಕಳ ಓದಿಗೋ ಹಿರಿಯರ ಮಲಗುವಿಕೆಗೋ ಮೀಸಲಾಗುತ್ತದೆ. ಅಲ್ಲಿನ ಗೋಡೆಯ ಮೇಲೆ ಕಪ್ಪು-ಹಸಿರು ಬೂಷ್ಟು ಮೂಡಿದ್ದರೆ ರೋಗದ ಮೂಲವನ್ನು ಅಲ್ಲಿಯೂ ಹುಡುಕಬೇಕು.

ಬೂಷ್ಟು ಒಂದು ಶಿಲೀಂಧ್ರ. ಅದರ ಸೂಕ್ಷ್ಮ ಬೀಜಕಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ. ಅವುಗಳನ್ನು ಸಂಪೂರ್ಣವಾಗಿ ಹೊರಗಿಡಲು ಸಾಧ್ಯವಿಲ್ಲ. ಮರ, ಕಾಗದ, ಬಟ್ಟೆ, ಧೂಳು ಇವೆಲ್ಲ ಅದಕ್ಕೆ ಆಹಾರ. ಅದಕ್ಕೆ ನಾವು ತಡೆಯಬಲ್ಲದ್ದು ನೀರೊಂದೇ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಬೆಳೆಯುವುದಿಲ್ಲ. ತೇವ ಮತ್ತು ಬೂಷ್ಟುಗಳಿರುವ ಮನೆಗಳಲ್ಲಿ ಶ್ವಾಸಸಂಬಂಧಿ ತೊಂದರೆಗಳೂ ಅಸ್ತಮಾವೂ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ವಾಗ್ಭಟಾಚಾರ್ಯರು ಸಹ ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ, ವರ್ಷಾಋತುವಿನಲ್ಲಿ ನೆಲದ ಆವಿ, ಶೀತ, ತುಂತುರುಗಳು ತಾಗದ ಮೇಲ್ಮಾಳಿಗೆಯಲ್ಲಿ ವಾಸಿಸುವಂತೆ ಉಪದೇಶಿಸಿದ್ದಾರೆ.

ಕಾರಣವನ್ನು ದೂರಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಆಯುರ್ವೇದದಲ್ಲಿ ಇದಕ್ಕೆ ನಿದಾನ ಪರಿವರ್ಜನವೆಂದು ಹೆಸರು. ದೇಹಕ್ಕೆ ಹೇಳಿದ ಈ ಸೂತ್ರ ಗೋಡೆಗೂ ಸಲ್ಲುತ್ತದೆ. ನೀರಿನ ದಾರಿಯನ್ನು ಮುಚ್ಚದೆ ಬೂಷ್ಟನ್ನು ಒರೆಸಿ ಬಣ್ಣ ಬಳಿದರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಮೇಲೇಳುತ್ತದೆ.

ಆದ್ದರಿಂದ ತೇವವು ಎಲ್ಲಿಂದ ಬರುತ್ತಿದೆಯೆಂದು ಮೊದಲು ತಿಳಿಯಬೇಕು. ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಒತ್ತಿಟ್ಟು ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿಯಲ್ಲಿ ಹನಿಗಳು ಕಂಡರೆ ನೀರು ಗೋಡೆಯ ಮೂಲಕ ಬರುತ್ತಿದೆ. ಮುಂಬದಿಯಲ್ಲಿ ಕಂಡರೆ ಕೋಣೆಯ ಗಾಳಿಯ ಆವಿಯೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತಿದೆ.

ನೀರು ಗೋಡೆಯಿಂದ ಬರುತ್ತಿದ್ದರೆ ಪರಿಹಾರ ಮನೆಯ ಹೊರಗಿದೆ. ಮಾಳಿಗೆಯ ನೀರನ್ನು ಇಳಿಸುವ ಕೊಳವೆಯನ್ನು ಬುನಾದಿಯಿಂದ ದೂರಕ್ಕೆ ಒಯ್ಯಬೇಕು. ಅಂಗಳದ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಎರೆಮಣ್ಣಿನ ಪ್ರದೇಶದಲ್ಲಿ ಇದು ಇನ್ನೂ ಮುಖ್ಯ. ಆ ಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ, ಉಬ್ಬಿ ಕುಗ್ಗಿ ಗೋಡೆಯನ್ನು ಬಿರುಕುಗೊಳಿಸುತ್ತದೆ. ಗೋಡೆಗೆ ತಾಗಿದ ಹೂಕುಂಡ, ಗಿಡದ ಮಡಿಗಳನ್ನು ತೆಗೆಯಿರಿ. ನಲ್ಲಿ ಮತ್ತು ಬಚ್ಚಲಿನ ಕೊಳವೆಗಳು ಸೋರುತ್ತಿವೆಯೇ ಎಂದು ಪರೀಕ್ಷಿಸಿರಿ. ತೇವವಿರುವ ಗೋಡೆಗೆ ಎಣ್ಣೆಬಣ್ಣ ಬಳಿಯಬಾರದು. ಅದು ತೇವವನ್ನು ಒಳಗೇ ಸಿಲುಕಿಸುತ್ತದೆ. ಸುಣ್ಣವು ತೇವವನ್ನು ಹೊರಬಿಡುವುದಲ್ಲದೆ ತನ್ನ ಕ್ಷಾರಗುಣದಿಂದ ಬೂಷ್ಟನ್ನೂ ತಡೆಯುತ್ತದೆ.

ಆವಿಯೇ ಕಾರಣವಾಗಿದ್ದರೆ ಗಾಳಿಯ ಕಡೆಗೆ ಗಮನವಿರಲಿ. ಮಳೆ ಸುರಿಯುವಾಗ ಕಿಟಕಿ ತೆರೆದಿಟ್ಟರೆ ಹೊರಗಿನ ತೇವಗಾಳಿ ಒಳಬಂದು ತೊಂದರೆ ಹೆಚ್ಚುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ತೆರೆದು ಫ್ಯಾನು ಹಾಕಬೇಕು. ಒದ್ದೆ ಬಟ್ಟೆಗಳನ್ನು ಅಲ್ಲಿ ಒಣಹಾಕಬಾರದು. ಕಪಾಟು, ಮಂಚಗಳು ಗೋಡೆಯಿಂದ ನಾಲ್ಕು ಬೆರಳಿನಷ್ಟಾದರೂ ದೂರವಿರಲಿ. ಧಾನ್ಯದ ಚೀಲ, ಹಾಸಿಗೆ, ವಚನಗ್ರಂಥಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿರಿ. ಆರ್ದ್ರತಾಮಾಪಕವಿದ್ದರೆ ಕೋಣೆಯ ಆರ್ದ್ರತೆ ಶೇ. 60ನ್ನು ಮೀರದಂತೆ ನೋಡಿಕೊಳ್ಳಿರಿ.

ನೀರು ನಿಂತ ಬಳಿಕವೇ ಶುಚಿಕಾರ್ಯ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಗಳು ಕೋಣೆಯ ತುಂಬ ಹಾರುತ್ತವೆ. ಮೂಗು-ಬಾಯಿಗೆ ಮಾಸ್ಕು, ಕೈಗೆ ಗವಸು ಧರಿಸಿ, ಸಾಬೂನು ನೀರಿನಿಂದ ನೆನೆಸಿ ಉಜ್ಜಿ, ಬಳಿಕ ಪೂರ್ಣ ಒಣಗಿಸಬೇಕು. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಬೇಡಿರಿ. ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಪ್ರಾಣಾಪಾಯಕಾರಿ. ಒಳಗೆಲ್ಲ ಬೂಷ್ಟು ಹಿಡಿದ ಹತ್ತಿಯ ಗಾದಿಯನ್ನು ಉಳಿಸಿಕೊಳ್ಳುವ ಆಸೆ ಬೇಡ. ಉಬ್ಬಸವುಳ್ಳವರು ಈ ಕೆಲಸಕ್ಕೆ ಇಳಿಯಬಾರದು.

ಗುಗ್ಗುಳ, ಬೇವಿನೆಲೆಗಳ ಧೂಪದಿಂದ ಬೂಷ್ಟು ಹೋಗುವುದೇ ಎಂದು ಅನೇಕರು ಕೇಳುತ್ತಾರೆ. ಬಟ್ಟೆಗಳಿಗೆ ಧೂಪ ಹಾಕುವ ಪದ್ಧತಿ ಶಾಸ್ತ್ರೋಕ್ತವೇ ಸರಿ. ಆದರೆ ಧೂಪವು ವಾಸನೆಯನ್ನು ಮರೆಮಾಡೀತೇ ಹೊರತು ಗೋಡೆಯ ನೀರನ್ನು ಹೀರದು. ಮುಚ್ಚಿದ ಕೋಣೆಯ ಹೊಗೆ ಉಬ್ಬಸದವರಿಗೆ ಮತ್ತಷ್ಟು ಬಾಧೆ ಕೊಡುತ್ತದೆ.

ಗೋಡೆ ಒಣಗುವವರೆಗೆ ಮಕ್ಕಳನ್ನೂ ಹಿರಿಯರನ್ನೂ ಮೇಲಿನ ಕೋಣೆಯಲ್ಲಿ ಮಲಗಿಸಿರಿ. ಸ್ಥಳ ಇಕ್ಕಟ್ಟಾದರೂ ಚಿಂತೆಯಿಲ್ಲ. ವೈದ್ಯರು ಕೊಟ್ಟ ಇನ್‌ಹೇಲರನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿರಿ. ಉಸಿರಾಟ ಕಷ್ಟವಾಗಿ ಮಾತು ತಡೆದು ಬರುವಂತಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.