ಗಿಲಾವು ಬೇಡವೆಂದ ಮನೆ

ಲಂಡನ್ನಿನ ಆಗ್ನೇಯ ಅಂಚಿನ ಬೆಕ್ಸ್‌ಲೀಹೀತ್‌ನಲ್ಲಿ ‘ರೆಡ್ ಹೌಸ್’ ಎಂಬ ಮನೆಯಿದೆ. ಹೊರಗೋಡೆಗೆ ಗಿಲಾವಿಲ್ಲ, ಸುಣ್ಣಬಣ್ಣವಿಲ್ಲ; ಕೆಂಪು ಇಟ್ಟಿಗೆ ಕಟ್ಟಿದ ಹಾಗೇ ಕಾಣುತ್ತದೆ. ಇಂದು ಇದರಲ್ಲಿ ಅಚ್ಚರಿಯೇನಿಲ್ಲ. ಆದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟೋ ಉಳ್ಳವರು ಇಟ್ಟಿಗೆಗೆ ಗಾರೆ ಮೆತ್ತಿ, ಅದನ್ನೇ ಕಲ್ಲೆಂದು ತೋರಿಸಿಕೊಳ್ಳುತ್ತಿದ್ದರು.

ಕಟ್ಟಿಸಿದವನು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್. ನಕ್ಷೆ ಬರೆದವನು ಗೆಳೆಯ ಫಿಲಿಪ್ ವೆಬ್. ಆಕ್ಸ್‌ಫರ್ಡಿನಲ್ಲಿ ವಾಸ್ತುಶಿಲ್ಪಿ ಜಿ.ಇ. ಸ್ಟ್ರೀಟ್ ಕಚೇರಿಯಲ್ಲಿ 1856ರಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ಎರಡು ವರ್ಷದ ನಂತರ ಫ್ರಾನ್ಸಿನ ಸೀನ್ ನದಿಯಲ್ಲಿ ದೋಣಿಯಾನಕ್ಕೆ ಹೋದಾಗ ಮನೆಯ ಮಾತು ಮೊಳೆಯಿತು. 1859ರಲ್ಲಿ ಜೇನ್ ಬರ್ಡನ್‌ಳನ್ನು ಮದುವೆಯಾದ ಮಾರಿಸ್, ಮರುವರ್ಷವೇ ಇಲ್ಲಿ ಸಂಸಾರ ಹೂಡಿದ. ವೆಬ್ ಸ್ವತಂತ್ರವಾಗಿ ಕೈಗೆತ್ತಿಕೊಂಡ ಮೊದಲ ಮನೆ ಇದು.

‘ಎಲ್’ ಆಕಾರದ ಕಟ್ಟಡದ ಮಡಿಲಲ್ಲಿ ಒಂದು ಬಾವಿ, ಅದಕ್ಕೆ ಶಂಕುವಿನಂಥ ಹೆಂಚಿನ ಮಾಡು. ಮನೆಯ ಮೇಲೂ ಕಡಿದಾದ ಕೆಂಪು ಹೆಂಚಿನ ಮಾಡುಗಳು, ಎತ್ತರದ ಹೊಗೆಗೂಡುಗಳು. ಕಿಟಕಿಗಳು ಒಂದರಂತೆ ಒಂದಿಲ್ಲ: ಕೆಲವಕ್ಕೆ ಚೂಪು ಕಮಾನು, ಕೆಲವು ದುಂಡಗೆ, ಕೆಲವು ಉದ್ದುದ್ದ. ಒಳಗಿನ ಕೋಣೆಗೆ ಎಲ್ಲಿ, ಎಷ್ಟು ಬೆಳಕು ಬೇಕೋ ಅಲ್ಲಿ ಅಷ್ಟೇ ಕಿಟಕಿ. ಹೊರಗಿನ ಅಂದಕ್ಕಾಗಿ ಸಾಲು ಹೊಂದಿಸುವ ಗೋಜಿಗೆ ವೆಬ್ ಹೋಗಲಿಲ್ಲ.

ಮನೆಯೇನೋ ಎದ್ದಿತು. ಅದಕ್ಕೊಪ್ಪುವ ಸಾಮಾನು ಅಂಗಡಿಗಳಲ್ಲಿ ಮಾರಿಸ್‌ಗೆ ಸಿಗಲಿಲ್ಲ. ಸರಿ, ವೆಬ್ ಮೇಜು, ಪಾತ್ರೆ, ದೀಪಗಳ ವಿನ್ಯಾಸ ಮಾಡಿಕೊಟ್ಟ. ಚಿತ್ರಕಾರ ಬರ್ನ್-ಜೋನ್ಸ್ ಗೋಡೆಗಳ ಮೇಲೆ ಚಿತ್ರ ಬರೆದ. ಮಾರಿಸ್ ದಂಪತಿ ನೀಲಿ ಉಣ್ಣೆಬಟ್ಟೆಯ ಮೇಲೆ ಡೈಸಿ ಹೂಗಳ ಕಸೂತಿ ಹಾಕಿ ಪರದೆ ಮಾಡಿದರು. ಈ ಕೂಡುಗೆಲಸವೇ 1861ರಲ್ಲಿ ಗೆಳೆಯರೆಲ್ಲ ಸೇರಿದ ಒಂದು ಕಂಪನಿಯಾಯಿತು. ಮಾರಿಸ್ ರಚಿಸಿದ ಮೊದಲ ಗೋಡೆಕಾಗದಕ್ಕೆ ಪ್ರೇರಣೆ ಈ ಮನೆಯ ತೋಟದ ಗುಲಾಬಿ ಬಳ್ಳಿಯ ಹಂದರ. ಅದರಲ್ಲಿನ ಹಕ್ಕಿಗಳು ವೆಬ್ ಬರೆದವು.

ಕೊರತೆಯೂ ಇತ್ತು. ಮುಖ್ಯ ಕೋಣೆಗಳು ಉತ್ತರಕ್ಕೆ ತೆರೆದುಕೊಂಡು ಚಳಿಗಾಲದಲ್ಲಿ ಕೊರೆಯುತ್ತಿದ್ದವು. ಕಂಪನಿಯ ಕೆಲಸಕ್ಕೆ ಲಂಡನ್ನಿಗೆ ಓಡಾಟ ಹೆಚ್ಚಾಯಿತು, ಮಾರಿಸ್‌ನ ಆರೋಗ್ಯ ಕೆಟ್ಟಿತು. 1865ರಲ್ಲಿ ಮನೆ ಬಿಟ್ಟ.

1952ರ ಬಳಿಕ ವಾಸ್ತುಶಿಲ್ಪಿ ಟೆಡ್ ಹಾಲಂಬಿ ಇಲ್ಲೇ ನೆಲೆಸಿ ಮನೆಯನ್ನು ಜತನದಿಂದ ಕಾಪಾಡಿದರು; 2003ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ವಶಕ್ಕೆ ಬಂತು. ಮಾರಿಸ್ ಇಲ್ಲಿ ಬಾಳಿದ್ದು ಐದೇ ವರ್ಷ. ಆದರೂ ಯಂತ್ರಯುಗದಲ್ಲಿ ಕೈಕಸುಬಿನ ಮಾನ ಎತ್ತಿಹಿಡಿದ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಚಳವಳಿಯ ಬೇರು ಹುಡುಕುವವರು ಮೊದಲು ಬರಬೇಕಾದದ್ದು ಈ ಮನೆಗೇ.