ಮನೆಗೊಂದು ಜಾಲತಾಣ

ಕುಂಬಳೆ ಸೀಮೆಯ ನಮ್ಮ ಹಿರಿಯರ ಮನೆಯಲ್ಲಿ ಒಂದು ಹಳೆಯ ನೋಟುಪುಸ್ತಕವಿದೆ. ಅದು ಅಜ್ಜಿಯವರು ತಮ್ಮ ಕೈಯಾರೆ ಬರೆದಿಟ್ಟದ್ದು. ಮಿಡಿ ಉಪ್ಪಿನಕಾಯಿಗೆ ಹಾಕುವ ಉಪ್ಪಿನ ಅಳತೆ, ಬಾಣಂತಿಯ ಮದ್ದು, ಮಕ್ಕಳು ಹುಟ್ಟಿದ ನಕ್ಷತ್ರ, ಗದ್ದೆಗಳ ಹೆಸರು, ಎಲ್ಲವೂ ಅದರಲ್ಲಿ ಕನ್ನಡದಲ್ಲೇ ಇವೆ. ಪುಸ್ತಕ ಒಂದೇ, ಅದನ್ನು ಓದಬೇಕಾದವರು ಮಂಗಳೂರು, ಮುಂಬಯಿ, ದುಬಾಯಿಗಳಲ್ಲಿ ಹಂಚಿಹೋಗಿದ್ದಾರೆ. ಕಾಗದದ ಅಂಚುಗಳು ಮುಟ್ಟಿದರೆ ಪುಡಿಯಾಗುತ್ತಿವೆ.

ಗದ್ದೆಗಳ ಹೆಸರಿನ ಚಿಂತೆಯೇ ನಮಗೆ ಹೆಚ್ಚಿನದು. ನೀರಿನ ಅನುಕೂಲವನ್ನು ನೋಡಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸುವುದು ನಮ್ಮ ಕಡೆಯ ರೂಢಿ. ನಮ್ಮ ಗದ್ದೆಗಳೆಲ್ಲ ಅಡಿಕೆ ತೋಟಗಳಾಗಿ ವರ್ಷಗಳೇ ಸಂದವು. ನಮ್ಮಲ್ಲಿರುವ ದಾಖಲೆಗಳಲ್ಲಿ ಅವಕ್ಕೆ ಸರ್ವೆ ನಂಬರು ಮಾತ್ರ ಇದೆ. ಹೆಸರುಗಳು ಉಳಿದಿರುವುದು ಆ ಪುಸ್ತಕದಲ್ಲಿ ಮತ್ತು ಎಂಬತ್ತು ದಾಟಿದ ನಮ್ಮ ಸೋದರತ್ತೆಯವರ ನೆನಪಿನಲ್ಲಿ.

“ದೊಡ್ಡಮ್ಮ, ಇದಕ್ಕೆ ಒಂದು ವೆಬ್‌ಸೈಟ್ ಮಾಡುವ” ಎಂದು ರಜೆಗೆ ಬಂದಿದ್ದ ತಂಗಿಯ ಮಗಳು ಹೇಳಿದಾಗ ನಾವು ನಕ್ಕೆವು. ಅದು ಇಂಜಿನಿಯರುಗಳ ಕೆಲಸವೆಂಬುದು ನಮ್ಮ ಭಾವನೆಯಾಗಿತ್ತು. ನಾಲ್ಕು ಭಾನುವಾರಗಳಲ್ಲಿ ಆ ಭಾವನೆ ತಪ್ಪೆಂದು ತಿಳಿಯಿತು.

ಜಾಲತಾಣವೆಂದರೇನು?

ಜಾಲತಾಣಕ್ಕೆ ಬೇಕಾದವು ಮೂರು: ಬರೆದ ಕಡತ, ಅದನ್ನು ಇರಿಸಲು ಸದಾ ಚಾಲೂ ಇರುವ ಒಂದು ಗಣಕಯಂತ್ರ, ಅಲ್ಲಿಗೆ ಬರಲು ಒಂದು ವಿಳಾಸ. ಜಿನೀವಾ ಬಳಿಯ ‘ಸರ್ನ್’ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ಈ ಏರ್ಪಾಟಿನ ಯೋಜನೆಯನ್ನು 1989ರಲ್ಲಿ ಮುಂದಿಟ್ಟರು. 1991ರಲ್ಲಿ ಅದು ಹೊರಗಿನವರ ಬಳಕೆಗೆ ಬಂದಿತು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ನಮ್ಮಂಥವರಿಗೂ ಬಾಗಿಲು ತೆರೆದದ್ದು ಆ ಔದಾರ್ಯದಿಂದಲೇ.

ಕಡತವನ್ನು ಬರೆಯಲು ದುಬಾರಿ ಸಲಕರಣೆಗಳು ಬೇಡ. ಗಣಕಯಂತ್ರದೊಡನೆ ಬರುವ ನೋಟ್‌ಪ್ಯಾಡ್ ಸಾಕು. ಬರೆಯುವ ಪದ್ಧತಿಗೆ ಎಚ್‌ಟಿಎಂಎಲ್ ಎಂದು ಹೆಸರು. ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಚಿತ್ರ ಎಂಬುದನ್ನು ಕೋನಾಕಾರದ ಚಿಹ್ನೆಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಸೂಚಿಸುವುದೇ ಅದರ ತಿರುಳು. ಇಂತಹ ಸೂಚನೆಗೆ ‘ಟ್ಯಾಗ್’ ಎನ್ನುತ್ತಾರೆ. ಪ್ಯಾರಾ ಆರಂಭವಾಗುವಲ್ಲಿ ‘ಪಿ’ ಎಂಬ ಟ್ಯಾಗ್, ಮುಗಿಯುವಲ್ಲಿ ಓರೆಗೆರೆ ಸೇರಿಸಿದ ಅದೇ ಟ್ಯಾಗ್. ತೆರೆದದ್ದನ್ನು ಮುಚ್ಚುವುದು ಮರೆತರೆ ಪುಟದ ರೂಪ ಕೆಡಬಹುದು. ಶೀರ್ಷಿಕೆ, ಪ್ಯಾರಾ, ಪಟ್ಟಿ, ಚಿತ್ರ, ಬೇರೆ ಪುಟಕ್ಕೆ ಕೊಂಡಿ: ಇಷ್ಟನ್ನು ಬಲ್ಲವರು ಮೊದಲ ಪುಟವನ್ನು ಕಟ್ಟಬಲ್ಲರು. ಬಣ್ಣ, ಅಲಂಕಾರಗಳನ್ನು ಆಮೇಲೆ ಕಲಿಯಬಹುದು.

ಕನ್ನಡ ಅಕ್ಷರದ ಪಾಡು

ನಾವು ಎಡವಿದ್ದು ಇಲ್ಲಿ. ಪುಸ್ತಕದ ಕೆಲವು ಭಾಗಗಳನ್ನು ಭಾವನವರು ಬಹು ಹಿಂದೆಯೇ ಬೆರಳಚ್ಚು ಮಾಡಿಟ್ಟಿದ್ದರು. ಅದನ್ನೇ ಪುಟಕ್ಕೆ ಹಾಕಿದೆವು. ತೆರೆದು ನೋಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ಹಳೆಯ ಕಾಲದ ಅನೇಕ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಬರಹ ಓದಲಾಗದು.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ‘ಅ’ಕಾರದ ಸಂಖ್ಯೆ 3205, ‘ಕ’ಕಾರದ್ದು 3221; ಯಾವ ದೇಶದ ಯಂತ್ರದಲ್ಲೂ ಈ ಸಂಖ್ಯೆ ಬದಲಾಗದು. ಹೀಗಾಗಿ ಎಲ್ಲವನ್ನೂ ಯೂನಿಕೋಡಿನಲ್ಲಿ ಮತ್ತೆ ಬರೆದೆವು. ಕಡತದ ಆರಂಭದಲ್ಲಿ ಅಕ್ಷರಕ್ರಮ ‘ಯುಟಿಎಫ್-8’ ಎಂದೂ ಭಾಷೆ ‘ಕೆಎನ್’, ಅಂದರೆ ಕನ್ನಡ, ಎಂದೂ ನಮೂದಿಸಬೇಕು. ಭಾಷೆಯನ್ನು ನಮೂದಿಸಿದರೆ, ಬರಹವನ್ನು ಓದಿ ಹೇಳುವ ತಂತ್ರಾಂಶಗಳಿಗೆ ಅದು ಕನ್ನಡವೆಂದು ತಿಳಿಯುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಇದು ಸಣ್ಣ ಉಪಕಾರವಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ಚಿತ್ರದ ಕಡತದ ಹೆಸರಿನಲ್ಲಿ ಒಂದು ದೊಡ್ಡ ಇಂಗ್ಲಿಷ್ ಅಕ್ಷರವಿತ್ತು. ಪುಟದಲ್ಲಿ ಅದನ್ನೇ ಚಿಕ್ಕಕ್ಷರದಲ್ಲಿ ಬರೆದಿದ್ದೆವು. ಮನೆಯ ಯಂತ್ರದಲ್ಲಿ ಕಾಣುತ್ತಿದ್ದ ಚಿತ್ರ ಜಾಲಕ್ಕೇರಿದ ಕೂಡಲೇ ಮಾಯವಾಯಿತು. ಅಲ್ಲಿನ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಕಡತಗಳ ಹೆಸರನ್ನು ಚಿಕ್ಕಕ್ಷರಗಳಲ್ಲೇ, ನಡುವೆ ತೆರಪಿಲ್ಲದೆ ಬರೆಯುವುದು ಕ್ಷೇಮ. ಮೊದಲ ಪುಟಕ್ಕೆ ‘ಇಂಡೆಕ್ಸ್’ ಎಂಬ ಹೆಸರಿಡುವುದು ವಾಡಿಕೆ.

ಇರಿಸುವುದೆಲ್ಲಿ?

ಗಿಟ್‌ಹಬ್ ಪೇಜಸ್, ನಿಯೋಸಿಟೀಸ್ ಮೊದಲಾದೆಡೆ ಚಿಕ್ಕ ತಾಣವನ್ನು ಹಣ ಕೊಡದೆಯೇ ಇರಿಸಬಹುದು. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ಸಾಮಾನ್ಯವಾಗಿ ವರ್ಷವರ್ಷವೂ ಹಣ ಕಟ್ಟಿ ನವೀಕರಿಸಬೇಕು. ಆದರೆ ಪರರ ಜಾಗವನ್ನು ಪೂರ್ತಿಯಾಗಿ ನಂಬಲಾಗದು. ಒಂದು ಕಾಲಕ್ಕೆ ಅಸಂಖ್ಯ ಮಂದಿ ತಮ್ಮ ಪುಟಗಳನ್ನು ಇರಿಸಿದ್ದ ಜಿಯೋಸಿಟೀಸ್ ಎಂಬ ತಾಣ 2009ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಆದ್ದರಿಂದ ಪ್ರತಿಯೊಂದು ಕಡತದ ಪ್ರತಿ ಮನೆಯಲ್ಲಿರಲಿ. ಇನ್ನೊಂದು ಬೇರೆ ಊರಿನ ಬಂಧುಗಳಲ್ಲಿರಲಿ.

ಏನನ್ನು ಹಾಕಬಾರದೆಂಬುದೂ ಮುಖ್ಯ. ಬದುಕಿರುವವರ ಜನ್ಮದಿನಾಂಕ, ದೂರವಾಣಿ ಸಂಖ್ಯೆ, ಮಕ್ಕಳ ಚಿತ್ರ, ಆಸ್ತಿಯ ವಿವರಗಳು ಬೇಡ. ಹೀಗಾಗಿ ಗದ್ದೆಗಳ ಹೆಸರನ್ನು ಹಾಕಿದೆವು, ಸರ್ವೆ ನಂಬರನ್ನು ಬಿಟ್ಟೆವು. ಮಕ್ಕಳ ನಕ್ಷತ್ರಗಳ ಪುಟವನ್ನೂ ಕೈಬಿಟ್ಟೆವು. ಮದ್ದುಗಳನ್ನು ಹಿಂದಿನವರ ರೂಢಿಯೆಂದಷ್ಟೇ ಬರೆದು, ವೈದ್ಯರನ್ನು ಕೇಳದೆ ಬಳಸಬಾರದೆಂದು ಸೂಚಿಸಿದೆವು.

ನಮ್ಮ ತಾಣದಲ್ಲಿ ಈಗ ಇರುವುದು ಐದೇ ಪುಟಗಳು. ನೋಡಲು ತೀರ ಸಾದಾ. ಗದ್ದೆಗಳ ಪುಟವನ್ನು ಅತ್ತೆಯವರಿಗೆ ಓದಿ ಹೇಳಿದಾಗ ಅವರು ಎರಡು ಹೆಸರು ತಿದ್ದಿದರು. ಪುಸ್ತಕದಲ್ಲೂ ಇಲ್ಲದ ಒಂದನ್ನು ಸೇರಿಸಿದರು. ಅದರ ಅರ್ಥ ನಮ್ಮಲ್ಲಿ ಯಾರಿಗೂ ತಿಳಿಯದು; ಅವರು ಉಚ್ಚರಿಸಿದಂತೆಯೇ ಬರೆದಿಟ್ಟಿದ್ದೇವೆ. ಆ ಸಂಜೆ ಅವರನ್ನು ಕೇಳದೆ ಇದ್ದಿದ್ದರೆ ಆ ಹೆಸರು ಅವರೊಡನೆಯೇ ಹೋಗುತ್ತಿತ್ತು. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಆದವಾನಿಗಳಲ್ಲಿರುವ ನಮ್ಮ ಓದುಗರ ಮನೆಗಳಲ್ಲೂ ಇಂತಹ ನೋಟುಪುಸ್ತಕಗಳು ಇರಲಾರವೇ? ಟ್ಯಾಗುಗಳನ್ನು ನಿಧಾನವಾಗಿ ಕಲಿತರೂ ಆದೀತು. ಮನೆಯ ಹಿರಿಯರನ್ನು ಕೇಳುವ ಕೆಲಸಕ್ಕೆ ಮಾತ್ರ ತಡಮಾಡುವುದು ತರವಲ್ಲ.