ಅಂಕ ಬಂತು, ಲೆಕ್ಕ ಬಂತೇ?

ಸಂಜೆಯ ಹೊತ್ತು. ಆರನೇ ತರಗತಿಯ ಹುಡುಗ ಅಪ್ಪನ ಮೊಬೈಲ್ ಹಿಡಿದು ಗಣಿತದ ಆಪ್‌ನಲ್ಲಿ ಮುಳುಗಿದ್ದಾನೆ. ಟಣ್ ಎಂದು ಸದ್ದಾಗುತ್ತದೆ, ಪರದೆಯ ಮೇಲೆ ಬಂಗಾರದ ನಾಣ್ಯಗಳು ಉದುರುತ್ತವೆ. ‘ಅಪ್ಪಾ, ಎರಡು ಸಾವಿರ ಪಾಯಿಂಟ್ ಆಯ್ತು!’ ಅಪ್ಪನಿಗೂ ಖುಷಿ. ‘ಹಾಗಾದ್ರೆ ಹೇಳು, 2/3 ದೊಡ್ಡದೋ 3/4 ದೊಡ್ಡದೋ?’ ಎಂದು ಸುಮ್ಮನೆ ಕೇಳುತ್ತಾರೆ. ಹುಡುಗ ಗೋಡೆ ನೋಡುತ್ತಾನೆ. ಆಪ್‌ನಲ್ಲಾದರೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಒಂದು ತಪ್ಪಾದರೆ ಇನ್ನೊಂದನ್ನು ಒತ್ತಿದರಾಯಿತು.

ಈ ಹುಡುಗ ಯಾರ ಮನೆಯವನೂ ಆಗಬಹುದು. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿ, ಪಾಠವೆಲ್ಲ ಮೊಬೈಲಿಗೆ ಬಂದ ಮೇಲಂತೂ ‘ಆಟವಾಡುತ್ತಾ ಕಲಿಯಿರಿ’ ಎಂಬ ಜಾಹೀರಾತು ಕಾಣದ ತಂದೆತಾಯಿ ಕಡಿಮೆ. ಹಾಗೆಂದು ಆಟವೇ ಬೇಡ ಎನ್ನುವಂತಿಲ್ಲ. ಚೌಕಾಬಾರದ ಕವಡೆ ಎಸೆಯುತ್ತಾ ಎಣಿಕೆ ಕಲಿತ ಅಜ್ಜಿಯಂದಿರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ನೋಡಬೇಕಾದದ್ದು ಬೇರೆ. ಆಟ ಪಾಠದ ಒಳಗಿದೆಯೋ, ಅಥವಾ ಪಾಠದ ಮೇಲೆ ಬಣ್ಣದ ಕಾಗದದಂತೆ ಅಂಟಿಸಿದ್ದೋ?

ಕಂಪ್ಯೂಟರ್ ಆಟಗಳ ಬಗ್ಗೆ ಇಂಥ ಪ್ರಶ್ನೆಯನ್ನು ಮೊದಮೊದಲು ಕೆದಕಿದವರಲ್ಲಿ ಅಮೆರಿಕದ ಥಾಮಸ್ ಮಲೋನ್ ಒಬ್ಬರು. ಕಲಿಕೆಯನ್ನು ಮೋಜಾಗಿಸುವುದು ಯಾವುದು ಎಂಬುದೇ 1980ರಲ್ಲಿ ಅವರ ಸಂಶೋಧನೆಯ ವಿಷಯ. ಅವರು ಪರೀಕ್ಷೆಗೆ ಒಡ್ಡಿದ ಆಟಗಳಲ್ಲಿ ‘ಡಾರ್ಟ್ಸ್’ ಒಂದು. ಪರದೆಯ ಮೇಲೆ ನೆಟ್ಟಗೆ ನಿಂತ ಒಂದು ಸಂಖ್ಯಾರೇಖೆ. ಅದರ ಮೇಲೆ ಅಲ್ಲಲ್ಲಿ ಮೂರು ಬಲೂನು. ಬಲೂನು ಯಾವ ಸಂಖ್ಯೆಯ ಎತ್ತರದಲ್ಲಿದೆ ಎಂದು ಊಹಿಸಿ ಭಿನ್ನರಾಶಿಯಲ್ಲಿ ಟೈಪ್ ಮಾಡಬೇಕು. ಬಾಣ ಹಾರುತ್ತದೆ. ಉತ್ತರ ಸರಿಯಿದ್ದರೆ ಬಲೂನು ಒಡೆಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ತಪ್ಪು ಉತ್ತರವನ್ನು. ಬಲೂನು 3/4ರಲ್ಲಿದ್ದು, ಮಗು 2/3 ಎಂದಿತೆನ್ನಿ. ಬಾಣ ಬಲೂನಿನ ಸ್ವಲ್ಪವೇ ಕೆಳಗೆ ಹೋಗುತ್ತದೆ. 1/4 ಎಂದಿದ್ದರೆ ಬಹಳ ಕೆಳಗೆ. ‘ತಪ್ಪು’ ಎಂದು ಕೆಂಪು ಅಕ್ಷರದಲ್ಲಿ ಯಾರೂ ಗದರಿಸಬೇಕಿಲ್ಲ. ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಎಂಬುದು ಕಣ್ಣಿಗೇ ಬೀಳುತ್ತದೆ. ಮುಂದಿನ ಊಹೆಗೆ ಹಿಂದಿನ ತಪ್ಪೇ ಮೆಟ್ಟಿಲು. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಆಟದಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಎಲ್ಲ ತಪ್ಪುಗಳೂ ಒಂದೇ ತೂಕದವು.

ಮಲೋನ್ ಈ ಆಟದ ಅಂಗಗಳನ್ನು ಒಂದೊಂದಾಗಿ ಕಳಚಿ ಎಂಟು ಬಗೆಯ ಆವೃತ್ತಿ ಮಾಡಿ, ಐದನೇ ತರಗತಿಯ ಮಕ್ಕಳಿಗೆ ಕೊಟ್ಟು ನೋಡಿದರು. ಬಲೂನು ಒಡೆಯುವ ಕಲ್ಪನೆ ಹುಡುಗರಿಗೆ ಹಿಡಿಸಿತು, ಹುಡುಗಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಆಟ ಎಂದು ಮಾರುವವರು ಇದನ್ನು ಕೇಳಿಸಿಕೊಂಡಂತಿಲ್ಲ. ಸವಾಲು, ಕಲ್ಪನೆ, ಕುತೂಹಲ ಈ ಮೂರು ಮಗುವನ್ನು ಹಿಡಿದಿಡುತ್ತವೆ ಎಂಬುದು ಅವರು ಕಂಡುಕೊಂಡ ಸಾರ.

ಆ ಪಟ್ಟಿಯಲ್ಲಿ ಬಹುಮಾನವಿಲ್ಲ! ಅದಕ್ಕೆ ಏಳು ವರ್ಷ ಮೊದಲೇ, 1973ರಲ್ಲಿ, ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಬಹುಮಾನದ ಇನ್ನೊಂದು ಮುಖ ತೋರಿಸಿದ್ದರು. ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಪುಟಾಣಿಗಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬರೆದರೆ ಬಂಗಾರದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ದೂರದಿಂದ ಗಮನಿಸಿದರು. ಮೊದಲೇ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ತಾವಾಗಿಯೇ ಮಾಡುತ್ತಿದ್ದ ಕೆಲಸ ಅವರಿಗೆ ಕೂಲಿಯ ಕೆಲಸವಾಗಿತ್ತು. ಪದಕ, ನಾಣ್ಯ, ‘ಸತತ ನೂರು ದಿನ’ದ ಪಟ್ಟಿ ಇಟ್ಟುಕೊಂಡ ಇಂದಿನ ಆಪ್‌ಗಳ ಮುಂದೆ ಕೂರುವ ಮಗುವಿನ ತಂದೆತಾಯಿಗೆ ಇದು ತಿಳಿದಿರಬೇಕು.

ಬಹುಮಾನವಿಲ್ಲದಿದ್ದರೆ ಮಕ್ಕಳು ಕೂರುತ್ತಾರೆಯೇ ಎಂದು ಕೇಳಬಹುದು. 1971ರ ಡಿಸೆಂಬರಿನಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಶಾಲೆಯೊಂದರಲ್ಲಿ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಅಲ್ಲಿ ತರಬೇತಿ ಪಡೆಯುತ್ತಿದ್ದ ಇತಿಹಾಸದ ಶಿಕ್ಷಕ ಡಾನ್ ರಾವಿಚ್, ಗಣಿತ ಕಲಿಸುತ್ತಿದ್ದ ಗೆಳೆಯರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಜೊತೆ ಸೇರಿ ಸುಮಾರು ಎರಡು ವಾರದಲ್ಲಿ ‘ಆರಿಗನ್ ಟ್ರೇಲ್’ ಎಂಬ ಆಟ ಬರೆದಿದ್ದರು. ಪರದೆಯೇ ಇಲ್ಲ, ಚಿತ್ರವೂ ಇಲ್ಲ. ಟೈಪ್‌ರೈಟರಿನಂಥ ಟೆಲಿಟೈಪ್ ಯಂತ್ರ ಕಾಗದದ ಸುರುಳಿಯ ಮೇಲೆ ಕಟಕಟ ಎಂದು ಅಕ್ಷರ ಕುಟ್ಟುತ್ತಿತ್ತು, ಅಷ್ಟೆ.

ಕಥೆ 1847ರದು. ಐದು ಜನರ ಕುಟುಂಬ ಎತ್ತಿನ ಬಂಡಿಯಲ್ಲಿ ಎರಡು ಸಾವಿರ ಮೈಲಿ ದಾಟಿ ಪಶ್ಚಿಮದ ಆರಿಗನ್ ಸೇರಬೇಕು. ಕೈಯಲ್ಲಿರುವ ಹಣದಲ್ಲಿ ಎತ್ತಿಗೆಷ್ಟು, ಊಟಕ್ಕೆಷ್ಟು, ಬಟ್ಟೆಗೆಷ್ಟು, ಮದ್ದುಗುಂಡಿಗೆಷ್ಟು? ಬಟ್ಟೆಗೆ ಜಿಪುಣತನ ಮಾಡಿದವರು ಬೆಟ್ಟದ ಚಳಿಗೆ ಸಿಕ್ಕುತ್ತಿದ್ದರು. ಊಟ ಮುಗಿದರೆ ಆಟವೂ ಮುಗಿಯಿತು. ಮಕ್ಕಳು ಸೋಲುತ್ತಿದ್ದುದು ಅಂಕದಿಂದಲ್ಲ, ಇತಿಹಾಸದಿಂದಲೇ. ವರ್ಷದ ಕೊನೆಯಲ್ಲಿ ರಾವಿಚ್ ಆಟವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಕಂಪ್ಯೂಟರಿನಿಂದ ಅಳಿಸಿಬಿಟ್ಟರು. 1974ರಲ್ಲಿ ಮಿನೆಸೋಟ ರಾಜ್ಯದ ಶೈಕ್ಷಣಿಕ ಕಂಪ್ಯೂಟರ್ ಸಂಸ್ಥೆ ಸೇರಿದಾಗ ಆ ಸುರುಳಿ ಬಿಚ್ಚಿ ಮತ್ತೆ ಟೈಪ್ ಮಾಡಿದರು. ಆಗ ಹಳೆಯ ವಲಸಿಗರ ದಿನಚರಿಗಳನ್ನು ಓದಿ, ಕಾಯಿಲೆ, ಮಳೆ, ಬಂಡಿ ಮುರಿಯುವುದು ದಾರಿಯಲ್ಲಿ ಎಷ್ಟು ಸಲ ಆಗುತ್ತಿತ್ತೋ ಆಟದಲ್ಲೂ ಹೆಚ್ಚುಕಡಿಮೆ ಅಷ್ಟೇ ಸಲ ಆಗುವಂತೆ ತಿದ್ದಿದರು. ಶಿಕ್ಷಕನ ಕೆಲಸವೆಂದರೆ ಇದು. (ಆ ಆಟದಲ್ಲಿ ಒಂದು ಕೊರತೆಯೂ ಇತ್ತು. ಕಥೆಯೆಲ್ಲ ಬಂಡಿಯಲ್ಲಿ ಕುಳಿತವರದು. ಆ ನೆಲದ ಮೂಲನಿವಾಸಿಗಳ ಕಣ್ಣಿನಿಂದ ನೋಡಲು 2021ರ ಹೊಸ ಆವೃತ್ತಿಯವರೆಗೆ ಕಾಯಬೇಕಾಯಿತು.)

ಅಂಕವೆಲ್ಲ ಕೆಟ್ಟದ್ದು ಎಂದೂ ಅಲ್ಲ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಹೊರತಂದ ‘ಫೋಲ್ಡ್‌ಇಟ್’ ಆಟದಲ್ಲಿ ಪ್ರೋಟೀನಿನ ಸರಪಳಿಯನ್ನು ಮಡಚಬೇಕು. ಅದರ ಶಕ್ತಿಮಟ್ಟ ಇಳಿದಷ್ಟೂ ಅಂಕ ಏರುತ್ತದೆ. ಅಂದರೆ ಅಂಕವೇ ವಿಜ್ಞಾನ. ಮಂಗಗಳಲ್ಲಿ ಏಡ್ಸ್‌ನಂಥ ರೋಗ ತರುವ ವೈರಸ್ಸಿನ ಒಂದು ಕಿಣ್ವದ ಆಕಾರ ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿತ್ತು. ಈ ಆಟಗಾರರು ಅದನ್ನು ಮೂರೇ ವಾರದಲ್ಲಿ ಬಿಡಿಸಿದ ಸುದ್ದಿ 2011ರಲ್ಲಿ ಪ್ರಕಟವಾಯಿತು. ಆಟಗಾರರಲ್ಲಿ ಬಹಳ ಮಂದಿ ಜೀವಶಾಸ್ತ್ರ ಓದಿದವರಲ್ಲ. ಆಟದ ಹಿಂದಿದ್ದ ವಿಜ್ಞಾನಿಗಳಲ್ಲೊಬ್ಬರಾದ ಡೇವಿಡ್ ಬೇಕರ್ ಅವರಿಗೆ ಪ್ರೋಟೀನ್ ವಿನ್ಯಾಸಕ್ಕಾಗಿ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.

ಆಪ್‌ಗೆ ವರ್ಷದ ಚಂದಾ ಕಟ್ಟುವ ಮುನ್ನ ಹತ್ತು ನಿಮಿಷ ಮಗುವಿನ ಪಕ್ಕ ಕುಳಿತುಕೊಳ್ಳಿ. ಬೇಕೆಂದೇ ಒಂದು ತಪ್ಪು ಉತ್ತರ ಕೊಡಿಸಿ. ಬರೀ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತದೆಯೋ, ತಪ್ಪು ಎಲ್ಲಾಯಿತೆಂದು ತೋರಿಸುತ್ತದೆಯೋ ನೋಡಿ. ಆಮೇಲೆ ಅಂಕ ಕಾಣುವ ಮೂಲೆಯನ್ನು ಬೆರಳಿನಿಂದ ಮುಚ್ಚಿ. ಮಗು ಆಗಲೂ ಮುಂದುವರಿಸಿದರೆ ಅದು ಒಳ್ಳೆಯ ಆಟವೇ ಇರಬೇಕು.

ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಸೀಮೆಸುಣ್ಣ ಸಾಕು. ನೆಲದ ಮೇಲೆ ಹನ್ನೆರಡು ಗೇಣಿನ ಒಂದು ಗೆರೆ ಎಳೆಯಿರಿ. ಈ ತುದಿ ಸೊನ್ನೆ, ಆ ತುದಿ ಒಂದು. ಒಬ್ಬರು ಗೆರೆಯ ಮೇಲೆಲ್ಲಾದರೂ ಹುಣಸೆಬೀಜ ಇಡಲಿ, ಇನ್ನೊಬ್ಬರು ಭಿನ್ನರಾಶಿ ಕೂಗಲಿ, ಆಮೇಲೆ ಇಬ್ಬರೂ ಕೂಡಿ ಗೇಣು ಹಾಕಿ ಅಳೆಯಲಿ. 2/3 ಎಂಟನೇ ಗೇಣಿಗೆ ಬೀಳುತ್ತದೆ, 3/4 ಒಂಬತ್ತಕ್ಕೆ. ಮುಂದಿನ ಸರದಿ ಅಪ್ಪನದು.